ಎದುರು ಗೋಡೆಯ ಕೊಂಡಿ

ನಮ್ಮ ದೊಡ್ಡಮ್ಮನನ್ನು ಪೇಟೆಯಲ್ಲಿ ಎಲ್ಲರೂ ದಬ್ಬಳದಕ್ಕ ಎಂದು ಕರೆಯುತ್ತಿದ್ದರು. ಟಾರ್ಪಾಲು ಹೊಲಿಯುವವಳ ಕೈಯಲ್ಲಿ ದಬ್ಬಳ ಇರುವುದು ಸಹಜ. ಆದರೆ ಆ ಹೆಸರು ಬಂದದ್ದು ಕೈಯಿಂದಲ್ಲ, ಬಾಯಿಂದ. ಅವಳು ಒಂದು ಮಾತು ಬಿಟ್ಟರೆ ಅದು ಗೋಣಿತಾಟನ್ನೂ ತೂರಿಕೊಂಡು ಆಚೆ ಬರುತ್ತಿತ್ತು. ಇದು ಅವಳಿಗೆ ಗೊತ್ತಿತ್ತು, ಗೊತ್ತಿದ್ದೂ ಆ ಹೆಸರನ್ನು ಇಷ್ಟಪಟ್ಟಿದ್ದಳು. "ಸೂಜಿ ಅಂದಿದ್ರೆ ಅವಮಾನ ಆಗ್ತಿತ್ತು" ಎನ್ನುತ್ತಿದ್ದಳು.

ನನ್ನ ಅಮ್ಮ ಅವಳ ತಂಗಿ. ಅಮ್ಮ ಬೇಗ ತೀರಿಕೊಂಡದ್ದರಿಂದ ನನ್ನ ರಜಾದಿನಗಳೆಲ್ಲ ದೊಡ್ಡಮ್ಮನ ಅಂಗಡಿಯಲ್ಲೇ ಕಳೆದವು. ಈಗ ನಾನು ಪಕ್ಕದ ಊರಿನ ಬಸ್ ನಿಲ್ದಾಣದಲ್ಲಿ ಟಿಕೆಟ್ ಕಿಟಕಿಯ ಹಿಂದೆ ಕೂರುವವಳು. ದಿನವಿಡೀ ಜನ ನನ್ನ ಮೇಲೆ ಕೂಗುತ್ತಾರೆ, ನಾನೂ ಸುಮ್ಮನಿರುವವಳಲ್ಲ. ಹಾಗಾಗಿ ಈ ಕತೆಯನ್ನು ನಾನು ಸಮಾಧಾನವಾಗಿ ಹೇಳುತ್ತೇನೆ ಎಂದು ಯಾರೂ ತಿಳಿಯಬೇಡಿ. "ನಿಮ್ಮೂರಿನ ಹಳೇ ಪೇಟೆನ ಏನ್ ಚಂದ ಮಾಡಿದಾರೆ ಕಣ್ರೀ" ಎಂದು ಯಾರಾದರೂ ಕಿಟಕಿಯಾಚೆಯಿಂದ ಹೊಗಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಪೇಟೆಬೀದಿ ಇಕ್ಕಟ್ಟಾದದ್ದು. ಎರಡೂ ಕಡೆ ಕಲ್ಲಿನ ಕಮಾನುಗಳ ಅಂಗಡಿಸಾಲು. ಸೂರ್ಯ ನೆತ್ತಿಗೆ ಬಂದನೆಂದರೆ ಬೀದಿಯ ಉದ್ದಕ್ಕೂ ಕಾದ ಹೆಂಚು. ಅದಕ್ಕಾಗಿ ಪ್ರತಿ ಅಂಗಡಿಗೂ ಒಂದೊಂದು ದಪ್ಪ ಬಟ್ಟೆಯ ಟಾರ್ಪಾಲು ಇತ್ತು. ಅದರ ಒಂದು ಅಂಚು ತಮ್ಮ ಬಾಗಿಲ ಮೇಲೆ ಕಾಯಂ ಆಗಿ ಕಟ್ಟಿರುತ್ತಿತ್ತು. ಇನ್ನೊಂದು ಅಂಚಿನ ಹಗ್ಗವನ್ನು ಎದುರು ಅಂಗಡಿಯ ಗೋಡೆಯಲ್ಲಿ ಹುಗಿದ ಕಬ್ಬಿಣದ ಕೊಂಡಿಗೆ ಕಟ್ಟಬೇಕು. ಬೆಳಿಗ್ಗೆ ಬಾಗಿಲು ತೆಗೆದವರು ಹಗ್ಗದ ತುದಿಯನ್ನು ಬೀದಿಯ ಆಚೆಗೆ ಎಸೆಯುವರು. ಎದುರಿನವರು ಹಿಡಿದು ತಮ್ಮ ಗೋಡೆಯ ಕೊಂಡಿಗೆ ಬಿಗಿದು ತಮ್ಮ ಹಗ್ಗವನ್ನು ಈಚೆಗೆ ಎಸೆಯುವರು. ನನ್ನ ನೆರಳು ನಿನ್ನ ಗೋಡೆಯಲ್ಲಿ, ನಿನ್ನ ನೆರಳು ನನ್ನ ಗೋಡೆಯಲ್ಲಿ.

ಇದಕ್ಕೆ ಯಾರೂ ಯಾರ ಅಪ್ಪಣೆಯನ್ನೂ ಕೇಳುತ್ತಿರಲಿಲ್ಲ, ಯಾರೂ ಉಪಕಾರ ಎಂದೂ ತಿಳಿದಿರಲಿಲ್ಲ. ಬೀಜದಂಗಡಿಯವನಿಗೂ ಬೀಗದಂಗಡಿಯವನಿಗೂ ಕೋರ್ಟಿನಲ್ಲಿ ವ್ಯಾಜ್ಯ ನಡೆಯುತ್ತಿತ್ತು. ಆದರೂ ಬೆಳಿಗ್ಗೆ ಇವನು ಎಸೆದ ಹಗ್ಗವನ್ನು ಅವನು ಮುಖ ಗಂಟಿಕ್ಕಿಕೊಂಡೇ ಹಿಡಿದು ಕಟ್ಟಿ, ಆಮೇಲೆ ವಕೀಲರ ಮನೆಗೆ ಹೋಗುತ್ತಿದ್ದ. ಇಷ್ಟು ವರ್ಷ ನಡೆದು ಬಂದ ಕೆಲಸದ ಬಗ್ಗೆ ಯಾರೂ ಬಾಯಿಬಿಟ್ಟು ಮಾತಾಡಿರಲಿಲ್ಲ. ಕೊನೆಗೆ ಮುಳುವಾದದ್ದೂ ಅದೇ.

ಅಷ್ಟೂ ಟಾರ್ಪಾಲುಗಳನ್ನು ಹೊಲಿದವಳು, ಹರಿದಾಗ ತೇಪೆ ಹಾಕಿದವಳು ದೊಡ್ಡಮ್ಮ. ಅಂಗಡಿ ತಾತನದು. ಅಗಲ ಕಡಿಮೆ, ಉದ್ದ ಜಾಸ್ತಿ. ಬಟ್ಟೆ ಎಳೆದೂ ಎಳೆದೂ ನೆಲದ ಕಲ್ಲು ನುಣ್ಣಗಾಗಿತ್ತು. ಒಳಗೆ ಮೇಣ ಸವರಿದ ಹುರಿಯ ವಾಸನೆ. ಅಂಗೈಗೆ ಚರ್ಮದ ಪಟ್ಟಿ ಕಟ್ಟಿಕೊಂಡು, ಕಾಲು ಚಾಚಿ ಕೂತು, ದಬ್ಬಳವನ್ನು ಅಂಗೈಯಿಂದ ಒತ್ತಿ ಒತ್ತಿ ಹೊಲಿಯುವಾಗ ಅವಳ ತುಟಿ ಸದಾ ಏನೋ ಗೊಣಗುತ್ತಿರುತ್ತಿತ್ತು. ಗೊಣಗುವುದು ನಿಂತಿತೆಂದರೆ ಹುರಿ ಮುಗಿದಿದೆ ಎಂದರ್ಥ.

ಅವಳು ಗಂಡನ ಮನೆಯಲ್ಲಿ ಬಾಳಲಿಲ್ಲ. ಒಂದು ಟ್ರಂಕು ಹಿಡಿದುಕೊಂಡು ವಾಪಸು ಬಂದಳು. ಯಾಕೆ ಬಂದೆ ಎಂದು ತಾತ ಕೇಳಲಿಲ್ಲ, ಕೂತು ಹೊಲಿ ಎಂದರು. ಚಿಕ್ಕಂದಿನಿಂದ ಕೈ ಕೂತಿತ್ತು, ಹೊಲಿದಳು. ತಾತನಿಗೆ ಕಣ್ಣು ಮಂಜಾದಾಗ ಅಂಗಡಿಯನ್ನು ಅವಳಿಗೇ ಬಿಟ್ಟರು. ಅದು ಅವಳ ತಮ್ಮನಿಗೆ, ಎಂದರೆ ನನ್ನ ಮಾವನಿಗೆ, ಸಹಿಸಲಾಗಲಿಲ್ಲ. ಅವನು ಕನ್ನಡಿಗೆ, ಪಟಗಳಿಗೆ ಚೌಕಟ್ಟು ಹಾಕುವ ಕೆಲಸ ಕಲಿತು ಬಂದಿದ್ದ. ಆ ಅಂಗಡಿಯೇ ತನಗೆ ಬರುತ್ತದೆ ಎಂದುಕೊಂಡಿದ್ದ. ಒಂದು ದಿನ ಗಿರಾಕಿಗಳು ತುಂಬಿದ್ದಾಗ ಬಾಗಿಲಲ್ಲಿ ನಿಂತು ಅಂದುಬಿಟ್ಟ: "ಗಂಡನ ಮನೆ ಬಾಳಿಸೋಕೆ ಆಗದೋಳು ಅಂಗಡಿ ಬಾಳಿಸ್ತಾಳಾ?"

ದೊಡ್ಡಮ್ಮ ತಿರುಗಿ ಮಾತಾಡಲಿಲ್ಲ. ಅವಳು ತಿರುಗಿ ಮಾತಾಡದೆ ಬಿಟ್ಟದ್ದು ಅದೊಂದೇ ಮಾತಿಗೆ. ಅಲ್ಲಿಂದಾಚೆ ತಮ್ಮನೊಂದಿಗೆ ಮಾತೇ ಇಲ್ಲ. ಯಾರಾದರೂ ಅವನ ಸುದ್ದಿ ತೆಗೆದರೆ ಹೊಲಿಗೆ ಅರ್ಧಕ್ಕೆ ಬಿಟ್ಟು ಎದ್ದು ಒಳಗೆ ಹೋಗುವಳು. ಕ್ರಮೇಣ ಬೀದಿಯವರೂ ಪಾಠ ಕಲಿತರು. ದಬ್ಬಳದಕ್ಕನ ಮುಂದೆ ಅವಳ ತಮ್ಮನ ವಿಷಯ ಎತ್ತಬಾರದು, ಅಷ್ಟೇ.

ಮಾವ ಬಾಡಿಗೆಗೆ ಹಿಡಿದದ್ದು ಸರಿಯಾಗಿ ಎದುರಿನ ಅಂಗಡಿ. ಹೊಟ್ಟೆ ಉರಿಸಲಿಕ್ಕೆಂದೇ ಹಿಡಿದ ಎಂದು ಬೀದಿ ಆಡಿಕೊಂಡಿತು. ಅದಕ್ಕಿಂತ ದೂರ ಹೋಗಲು ಅವನಿಂದ ಆಗಲಿಲ್ಲ ಎಂದು ನಾನು ಹೇಳುತ್ತೇನೆ. ಅವನು ಅಂಗಡಿ ತೆರೆದ ಬೆಳಿಗ್ಗೆ ಇಡೀ ಸಾಲು ಬಾಗಿಲಲ್ಲಿ ನಿಂತು ನೋಡುತ್ತಿತ್ತು. ದೊಡ್ಡಮ್ಮ ಹೊರಗೆ ಬಂದಳು. ಆಕಾಶ ನೋಡಿಕೊಂಡು ಹಗ್ಗ ಎಸೆದಳು. ಮಾವ ನೆಲ ನೋಡಿಕೊಂಡೇ ಅದನ್ನು ಹಿಡಿದ. ಕಟ್ಟಿ, ತನ್ನದನ್ನು ಎಸೆದ.

ನಾನು ಫ್ರಾಕ್ ಹಾಕುವ ಕಾಲದಲ್ಲಿ ಶುರುವಾದದ್ದು ನನ್ನ ತಲೆಯಲ್ಲಿ ಬಿಳಿಕೂದಲು ಕಾಣಿಸಿಕೊಂಡ ಮೇಲೂ ನಡೆದಿತ್ತು. ಮಾತಿಲ್ಲ, ಕತೆಯಿಲ್ಲ, ದಿನಾ ಬೆಳಿಗ್ಗೆ ಹಗ್ಗ. ಅವನು ಎಸೆದ ಹಗ್ಗ ಬೀದಿಯ ನಡುವೆಯೇ ಬಿದ್ದರೆ ಇವಳು "ಮೈ ಹುಷಾರಿಲ್ಲ ಅನ್ಸತ್ತೆ" ಎಂದು ಗೊಣಗುವಳು. ಒಮ್ಮೆ ನನ್ನ ಕೈಗೆ ಕೆಮ್ಮಿನ ಔಷಧಿ ಕೊಟ್ಟು, "ನಾನು ಕೊಟ್ಟೆ ಅಂತ ಹೇಳ್ಬೇಡ" ಎಂದು ಕಳಿಸಿದಳು.

"ಅವಳು ಕೊಟ್ಟಿದ್ದಾ?" ಎಂದು ಮಾವ ಕೇಳಿದ.

"ಇಲ್ಲ ಮಾವ."

"ಹೂಂ. ಅವಳು ಕೊಟ್ಟಿಲ್ಲ ಅಂತ ನನಗೆ ಗೊತ್ತಾಯ್ತು ಅಂತ ಅವಳಿಗೆ ಹೇಳು."

ಇಬ್ಬರೂ ಒಂದೇ ಮಣ್ಣಿನ ಗಡಿಗೆಗಳು. ಒಂದು ಮಾತಿನಲ್ಲಿ ಮುಗಿಯುವ ಕೆಲಸಕ್ಕೆ ಒಂದು ಆಯುಷ್ಯ ಸವೆಸಿದರು. ಯಾರಿಗೆ ಬೈಯಲಿ ನಾನು?

ಊರಾಚೆ ಹೊಸ ರಸ್ತೆ ಬಂತು, ರಸ್ತೆಯ ಪಕ್ಕ ದೊಡ್ಡ ಮಳಿಗೆಗಳು ಬಂದವು. ಗಾಡಿ ನಿಲ್ಲಿಸಲು ಜಾಗ ಇರುವ ಕಡೆಗೆ ಜನ ಹೋದರು. ಹಳೇ ಪೇಟೆಯಲ್ಲಿ ಒಂದೊಂದೇ ಬಾಗಿಲು ಮುಚ್ಚಿತು. ಉಳಿದವರು ಮಧ್ಯಾಹ್ನ ನೊಣ ಹೊಡೆಯುತ್ತ ಕೂತಿರುತ್ತಿದ್ದರು. ಆಗ ನಿವೃತ್ತರಾದ ಮೇಷ್ಟ್ರೊಬ್ಬರು ಮುಂದೆ ಬಂದು ಪೇಟೆ ಸಮಿತಿ ಕಟ್ಟಿದರು. ಹಳೇ ಕಟ್ಟಡಗಳ ಬಗ್ಗೆ ಓದಿಕೊಂಡಿದ್ದ ಒಬ್ಬ ಹುಡುಗಿ ಅವರ ಜೊತೆ ಸೇರಿದಳು. ಬೀದಿ ಅವಳಿಗೆ ಎಂಜಿನಿಯರಮ್ಮ ಎಂದು ಹೆಸರಿಟ್ಟಿತು. ಇಬ್ಬರೂ ಒಳ್ಳೆಯವರೇ. ಒಳ್ಳೆಯವರು ಮಾಡಿದ್ದಕ್ಕೆ ಬೈಯಲೂ ಆಗುವುದಿಲ್ಲ, ಅದು ಇನ್ನೊಂದು ಸಂಕಟ.

ಸಮಿತಿ ಸುಮ್ಮನೆ ಭಾಷಣ ಬಿಗಿಯಲಿಲ್ಲ, ಕೆಲಸ ಮಾಡಿತು. ಚರಂಡಿ ಬಳಿಸಿತು. ಮುರಿದ ಮೆಟ್ಟಿಲು ಕಟ್ಟಿಸಿತು. ಮುದುಕರು ಕೂರಲು ಬೆಂಚು ಹಾಕಿಸಿತು. ಮುಚ್ಚಿದ ಅಂಗಡಿಗಳ ಬಾಗಿಲಿಗೆ ಶಾಲೆಯ ಮಕ್ಕಳಿಂದ ಚಿತ್ರ ಬರೆಸಿತು. ವಾರಕ್ಕೊಂದು ಸಂಜೆ ಬೀದಿಯಲ್ಲೇ ಹಾಡು, ಹಳಬರಿಂದ ಪೇಟೆಯ ಕತೆ. ಇದಕ್ಕೆಲ್ಲ ಎಲ್ಲರಿಗಿಂತ ಮುಂದೆ ನಿಂತವಳು ನಮ್ಮ ದೊಡ್ಡಮ್ಮ. ಪೊರಕೆ ಹಿಡಿದು ಮೊದಲು ಬೀದಿಗಿಳಿದವಳು ಅವಳೇ. ಬರದವರ ಬಾಗಿಲು ತಟ್ಟಿ, "ಒಳಗೆ ಕೂತು ಕೊಳೀತೀಯಾ, ಹೊರಗೆ ಬಂದು ಗುಡಿಸ್ತೀಯಾ?" ಎಂದು ಎಬ್ಬಿಸಿದವಳೂ ಅವಳೇ. ಹಾಡಿನ ಸಂಜೆಗಳಿಗೆ ಹಳೇ ಬಟ್ಟೆಯಲ್ಲಿ ತೋರಣ ಹೊಲಿದುಕೊಟ್ಟಳು. "ಅಪ್ಪನ ಕಾಲದ ಪೇಟೆ ಮತ್ತೆ ಬರತ್ತೆ ನೋಡ್ತಿರು" ಎಂದು ಫೋನಿನಲ್ಲಿ ನನಗೆ ಹೇಳಿದಾಗ ಅವಳ ಧ್ವನಿಯಲ್ಲಿ ನಾನು ಕೇಳಿರದಿದ್ದ ಹುರುಪು ಇತ್ತು.

ಆಮೇಲೆ ಕಮಾನುಗಳ ಸರದಿ ಬಂತು. ಕಲ್ಲು ತೊಳೆದು ಹಳೇ ಬಣ್ಣ ತೆಗೆಯಬೇಕು. ಗೋಡೆಯ ಕೊಂಡಿಗಳಿಂದ ತುಕ್ಕು ಇಳಿದು ಕಲ್ಲಿನ ಮೇಲೆ ಉದ್ದುದ್ದ ಕಂದು ಕಲೆ ಬಿದ್ದಿತ್ತು, ಕೆಲವು ಕಡೆ ಕಲ್ಲೇ ಸೀಳು ಬಿಟ್ಟಿತ್ತು. ಕೊಂಡಿ ತೆಗೆದರೆ ಕಲ್ಲು ಉಳಿಯುತ್ತದೆ ಎಂದಳು ಎಂಜಿನಿಯರಮ್ಮ. ಮೇಷ್ಟ್ರು ನ್ಯಾಯವಂತರು. ಯಾರ ಗೋಡೆಯೋ ಅವರನ್ನೇ ಕೇಳಬೇಕು, ಯಾರ ಮೇಲೂ ಒತ್ತಾಯ ಕೂಡದು ಎಂದು ಸೀಮೆಸುಣ್ಣ ಹಿಡಿದು ತಾವೇ ಹೊರಟರು. ಪೇಟೆಯ ಈ ತುದಿಯಲ್ಲಿ ಮೊದಲ ಅಂಗಡಿ ದೊಡ್ಡಮ್ಮನದು.

"ಅಕ್ಕಾ, ನಿಮ್ಮ ಗೋಡೆ ಕೊಂಡಿ ತೆಗೆದುಬಿಡೋಣವಾ? ತುಕ್ಕು ಹಿಡಿದಿದೆ."

ಅವಳ ಗೋಡೆಯ ಕೊಂಡಿ ಹೊತ್ತಿದ್ದದ್ದು ಅವಳ ನೆರಳನ್ನಲ್ಲ, ತಮ್ಮನ ನೆರಳನ್ನು. ಬೇಡ ಎನ್ನಬೇಕಾದರೆ ಕಾರಣ ಹೇಳಬೇಕು. ಕಾರಣ ಎಂದರೆ, ಅದರಲ್ಲಿ ನನ್ನ ತಮ್ಮನ ಹಗ್ಗ ಇದೆ. ಮೇಷ್ಟ್ರ ಜೊತೆಗೆ ಬೀಗದಂಗಡಿಯವನೂ ಇನ್ನಿಬ್ಬರೂ ನಿಂತಿದ್ದರು. ಅಷ್ಟು ಜನರ ಮುಂದೆ ಆ ಮಾತು ಅವಳ ಬಾಯಿಂದ ಹೊರಡಲಿಲ್ಲ. ಇದನ್ನು ಆಮೇಲೆ ನನಗೆ ಹೇಳಿದವಳು ಅವಳೇ. "ಬೇಕಾದ್ರೆ ಅವನೇ ಬೇಡ ಅಂತಾನೆ, ಅವನ ಪರವಾಗಿ ನಾನ್ಯಾಕೆ ವಕಾಲತ್ತು ವಹಿಸ್ಲಿ ಅಂದ್ಕೊಂಡೆ ಕಣೇ" ಎಂದಳು. ಮೇಷ್ಟ್ರಿಗೆ, "ಅದರಿಂದ ನನಗೇನಾಗ್ಬೇಕು, ಕಿತ್ಕೊಂಡು ಹೋಗಿ" ಎಂದಿದ್ದಳು. ಮೇಷ್ಟ್ರು ಕೊಂಡಿಯ ಸುತ್ತ ಬಿಳಿ ಗುರುತು ಹಾಕಿದರು.

ಬೀದಿ ದಾಟಿ ಮಾವನನ್ನು ಕೇಳಿದರು. ಅವನ ಗೋಡೆಯ ಕೊಂಡಿಯಲ್ಲಿ ಇದ್ದದ್ದು ಅಕ್ಕನ ಹಗ್ಗ. ಅವನು ಕೇಳಿದ್ದು ಇಷ್ಟೇ: "ಅಲ್ಲಿ ಒಪ್ಪಿದಾರಾ?"

"ಒಪ್ಪಿದ್ರು."

"ಹಾಗಿದ್ರೆ ನನ್ನನ್ನೇನು ಕೇಳ್ತೀರಿ? ತೆಗೀರಿ."

ಮುಂದಿನ ಅಂಗಡಿಗಳದು ಇನ್ನೂ ಸುಲಭ. ತಮ್ಮ ಗೋಡೆಯಲ್ಲಿರುವ ಕೊಂಡಿ ಯಾರಿಗೂ ತಮ್ಮ ಉಪಯೋಗದ್ದಲ್ಲ, ಅದೊಂದು ತುಕ್ಕು ಕಬ್ಬಿಣ. ತಮ್ಮ ಟಾರ್ಪಾಲು ಇರುವುದು ಎದುರಿನವನ ಗೋಡೆಯಲ್ಲಿ, ಅದು ಎಲ್ಲಿಗೆ ಹೋಗುತ್ತದೆ? ಒಬ್ಬಿಬ್ಬರಿಗೆ ಸ್ವಲ್ಪ ಅನುಮಾನ ಬಂದು, "ದಬ್ಬಳದಕ್ಕ ಏನಂದ್ರು?" ಎಂದು ಕೇಳಿದರಂತೆ. ಅವಳೇ ಮೊದಲು ಒಪ್ಪಿದಳು ಎಂದ ಮೇಲೆ ಇನ್ನೇನು ಅನುಮಾನ. ಟಾರ್ಪಾಲಿನಿಂದಲೇ ಅನ್ನ ತಿನ್ನುವವಳು ತನ್ನ ಹೊಟ್ಟೆಯ ಮೇಲೆ ತಾನೇ ಕಲ್ಲು ಹಾಕಿಕೊಳ್ಳುತ್ತಾಳೆಯೇ? ಬೀದಿಯ ಉದ್ದಕ್ಕೂ ಬಿಳಿ ಗುರುತು ಬಿತ್ತು.

ವಾರದ ರಜೆಯ ದಿನ ಗಾರೆಯವರು ಬಂದು ಕೊಂಡಿಗಳನ್ನೆಲ್ಲ ಕಿತ್ತು, ತೂತುಗಳನ್ನು ಕಲ್ಲಿನ ಬಣ್ಣದ ಗಾರೆಯಿಂದ ಮುಚ್ಚಿ, ಗೋಡೆ ತೊಳೆದು ಹೋದರು. ಮಾರನೆಯ ಬೆಳಿಗ್ಗೆ ಬಾಗಿಲುಗಳು ತೆರೆದವು. ಎಲ್ಲರೂ ಎಂದಿನಂತೆ ಹಗ್ಗದ ತುದಿ ಹಿಡಿದು ಹೊರಗೆ ಬಂದರು. ಕೆಲವರು ಎಸೆದೂ ಬಿಟ್ಟರು. ಎದುರಿನವರು ಹಿಡಿದೂ ಬಿಟ್ಟರು. ಹಿಡಿದು, ಕೈ ಮೇಲೆತ್ತಿ, ನುಣ್ಣನೆಯ ಗೋಡೆಯನ್ನು ತಡಕಾಡಿದರು. ಬೀದಿಗೆ ಬೀದಿಯೇ ಒಬ್ಬರ ಹಗ್ಗ ಒಬ್ಬರು ಹಿಡಿದುಕೊಂಡು ಬೆಪ್ಪಾಗಿ ನಿಂತಿತು.

ಮೊದಲು ಬೀಜದಂಗಡಿಯವನು ಬಾಯಿಬಿಟ್ಟ: "ಲೋ, ನಿನ್ನ ಕೊಂಡಿ ಎಲ್ಲೋ?"

"ನಿಂದೆಲ್ಲೋ?" ಎಂದ ಬೀಗದಂಗಡಿಯವನು.

ಅಲ್ಲಿಂದ ಶುರುವಾಯಿತು ನೋಡಿ. ನನ್ನನ್ನು ಕೇಳದೆ ನೀನು ಹೇಗೆ ಒಪ್ಪಿದೆ ಎಂದು ಅವನು, ನೀನು ನನ್ನನ್ನು ಕೇಳಿದೆಯಾ ಎಂದು ಇವನು. ಪ್ರತಿಯೊಬ್ಬನೂ ಎದುರಿನವನ ನೆರಳನ್ನು ಧಾರಾಳವಾಗಿ ಬಿಟ್ಟುಕೊಟ್ಟು, ತನ್ನ ನೆರಳು ಹೋಯಿತೆಂದು ಎದೆ ಬಡಿದುಕೊಂಡ. ಬೈದಾಡಿ ಸುಸ್ತಾದ ಮೇಲೆ ಎಲ್ಲರ ಕಣ್ಣೂ ದೊಡ್ಡಮ್ಮನ ಕಡೆ ತಿರುಗಿತು. "ನೀನೇ ಮೊದ್ಲು ಒಪ್ಪಿದ್ದಲ್ಲಕ್ಕಾ? ನೀನಿದೀಯ ಅಂತ ನಾವು ಹೂಂ ಅಂದ್ವಿ." ಅವಳಿಗೆ ಉತ್ತರ ಇತ್ತು. ಆದರೆ ಆ ಉತ್ತರದಲ್ಲಿ ತಮ್ಮ ಇದ್ದ. ಹಗ್ಗ ಸುತ್ತಿಕೊಂಡು ಒಳಗೆ ಹೋದಳು. ಮಾವ ಆಗಲೇ ಒಳಗೆ ಹೋಗಿಯಾಗಿತ್ತು.

ಮೇಷ್ಟ್ರು ಪಾಪ, ಬಂದು ತಲೆಯ ಮೇಲೆ ಕೈ ಹೊತ್ತು ಕೂತರು. ಕೊಂಡಿಗಳನ್ನು ಮತ್ತೆ ಹುಗಿದರೆ ಕಲ್ಲು ಒಡೆಯುತ್ತದೆ. ಬೇರೆ ಏನಾದರೂ ವ್ಯವಸ್ಥೆ ಆಗುವವರೆಗೆ ತಡೆದುಕೊಳ್ಳಿ ಎಂದರು. ಆ ಬೇಸಿಗೆಯನ್ನು ಪೇಟೆ ಮೈಸುಟ್ಟುಕೊಂಡು ಕಳೆಯಿತು. ಹೊಲಿಯಲು ಟಾರ್ಪಾಲಿಲ್ಲದೆ ದೊಡ್ಡಮ್ಮ ಗಾಡಿಗಳ ಹೊದಿಕೆ, ಚೀಲ, ಅದು ಇದು ಎಂದು ಹಿಡಿದುಕೊಂಡಳು. ಸಮಿತಿಯವರೇ ಕರೆದು, ಕಮಾನಿನ ಚಿತ್ರ ಅಚ್ಚು ಹಾಕಿದ ಬಟ್ಟೆ ಕೊಟ್ಟು, ಬರುವವರಿಗೆ ಮಾರಲು ಚೀಲ ಹೊಲಿಸಿದರು. ಅಂಗೈ ಅಗಲದ ಚೀಲಕ್ಕೆ ಸಣ್ಣ ಸೂಜಿ ಹಿಡಿದು ಕೂತ ಅವಳನ್ನು ನಾನು ನೋಡುತ್ತಲೇ ನಿಂತೆ. "ಏನೇ ಹಾಗೆ ನೋಡ್ತೀಯ? ಕೆಲಸ ಕೆಲಸವೇ" ಎಂದು ಗದರಿದಳು.

ಆ ಬೇಸಿಗೆಯಲ್ಲಿ ಒಂದು ಸಂಗತಿ ನಡೆಯಿತು. ಟಾರ್ಪಾಲು ಹೋದ ಮೇಲೆ ಮಧ್ಯಾಹ್ನದ ಬಿಸಿಲು ಮಾವನ ಕನ್ನಡಿಗಳಿಗೆ ಬಡಿದು ನೇರವಾಗಿ ದೊಡ್ಡಮ್ಮನ ಕಣ್ಣಿಗೆ ಬರುತ್ತಿತ್ತು. "ಬೇಕಂತ್ಲೇ ಇಟ್ಟಿದಾನೆ" ಎಂದು ಅವಳು ಬಾಗಿಲಿಗೆ ಅಡ್ಡ ಗೋಣಿತಾಟು ಕಟ್ಟಿದಳು. ಸೆಕೆಗೆ ಬೆಂದುಹೋದಳು. ಮರುದಿನ ಮಧ್ಯಾಹ್ನ ತಾಟಿನ ಸಂದಿಯಿಂದ ನೋಡಿದರೆ ಮಾವನ ಕನ್ನಡಿಗಳೆಲ್ಲ ಬೆನ್ನು ತಿರುಗಿಸಿ ನಿಂತಿದ್ದವು. ಕನ್ನಡಿ ಮಾರುವವನು ಕನ್ನಡಿಗಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದ. ದಿನಾ ಬಿಸಿಲು ತಿರುಗುವ ಹೊತ್ತಿಗೆ ಒಂದೊಂದಾಗಿ ತಿರುಗಿಸುವನು, ಬಿಸಿಲಿಳಿದ ಮೇಲೆ ಮತ್ತೆ ತಿರುಗಿಸುವನು. ಮಂಡಿನೋವಿನ ಮನುಷ್ಯ. ಅವುಗಳಲ್ಲಿ ಆಳೆತ್ತರದ ದೊಡ್ಡ ಕನ್ನಡಿಯೊಂದನ್ನು ತಿರುಗಿಸುವಾಗ ಗೋಡೆ ಹಿಡಿದು ನಿಂತು ಸುಧಾರಿಸಿಕೊಳ್ಳುತ್ತಿದ್ದನಂತೆ.

ನಾನು ಹೋದಾಗ ಗೋಣಿತಾಟು ಬಾಗಿಲಲ್ಲಿರಲಿಲ್ಲ. ತಾನೇ ಸುದ್ದಿ ತೆಗೆದಳು. ಇಷ್ಟು ವರ್ಷಕ್ಕೆ ಮೊದಲ ಸಲ ತಾನಾಗಿ ಅವನ ಸುದ್ದಿ ತೆಗೆದಳು.

"ನೋಡಿದ್ಯೇನೇ, ತಿರುಗಿಸಿ ಇಡ್ತಾನೆ."

"ಇನ್ನಾದ್ರೂ ಹೋಗಿ ಮಾತಾಡ್ಸು ದೊಡ್ಡಮ್ಮ. ನಾಲ್ಕು ಹೆಜ್ಜೆ."

"ಏನಂತ ಮಾತಾಡ್ಸ್ಲಿ?"

"ಏನಾದ್ರೂ. ಬಿಸಿಲು ಜಾಸ್ತಿ ಅನ್ನು."

"ಅದನ್ನ ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ ಅಂತಾನೆ." ಸೂಜಿಗೆ ದಾರ ಪೋಣಿಸುತ್ತ ನಕ್ಕಳು. "ನೋಡೋಣ. ಈ ಚೀಲದ ಕೆಲಸ ಮುಗೀಲಿ."

ಚೀಲದ ಕೆಲಸ ಮುಗಿಯುವ ಮೊದಲೇ ಸಮಿತಿಯ ಹೊಸ ವ್ಯವಸ್ಥೆ ಬಂತು. ಕಾರ್ಖಾನೆಯಲ್ಲಿ ತಯಾರಾದ ಪಟ್ಟೆಪಟ್ಟೆಯ ಮಡಚುವ ನೆರಳು. ತಮ್ಮ ತಮ್ಮ ಬಾಗಿಲ ಮೇಲೆಯೇ ಕೂರುತ್ತದೆ. ಹಿಡಿ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ, ಇನ್ನೊಂದು ಕಡೆಗೆ ತಿರುಗಿಸಿದರೆ ಮಡಚಿಕೊಳ್ಳುತ್ತದೆ. ಹಗ್ಗ ಬೇಡ, ಕೊಂಡಿ ಬೇಡ, ಎದುರಿನವನ ಮುಖ ನೋಡುವ ಹಣೆಬರಹ ಬೇಡ. ಬೀದಿ ಖುಷಿಪಟ್ಟಿತು. ಬೀಜದಂಗಡಿಯವನಂತೂ, "ಇನ್ನು ಆ ಮೂದೇವಿ ಹಂಗಿಲ್ಲ" ಎಂದು ಎಲ್ಲರಿಗೂ ಟೀ ಕುಡಿಸಿದ.

ಬಿಸಿಲು ಕನ್ನಡಿಗೆ ಬೀಳುವುದು ನಿಂತಿತು. ಮಾವ ಕನ್ನಡಿಗಳನ್ನು ತಿರುಗಿಸುವುದನ್ನು ನಿಲ್ಲಿಸಿದ. ಬೇರೇನು ಮಾಡಬೇಕಿತ್ತು ಅವನು? ಆದರೆ ದೊಡ್ಡಮ್ಮನಿಗೆ ಅದು ಮುಖಕ್ಕೆ ಬಾಗಿಲು ಹಾಕಿದ ಹಾಗಾಯಿತು. "ಅಷ್ಟೇ ಅವನದು, ಮುಗೀತು" ಎಂದಳು. ಅವಳ ಮನಸ್ಸಿನಲ್ಲಿ ಏಳುವ ಇಂಥ ಲೆಕ್ಕಾಚಾರಕ್ಕೆ ಮದ್ದಿಲ್ಲ. ನಾನು ಜಗಳವಾಡಿ ಊಟ ಬಿಟ್ಟು ಬಸ್ಸು ಹತ್ತಿ ಬಂದೆ.

ಪೇಟೆ ಉದ್ಧಾರವಾಯಿತು. ಇದನ್ನು ನಾನು ಒಪ್ಪಿಕೊಳ್ಳಲೇಬೇಕು. ತೊಳೆದ ಕಮಾನುಗಳನ್ನು ನೋಡಲು ಎಲ್ಲಿಂದಲೋ ಜನ ಬಂದರು. ಸಂಜೆ ಬೀದಿ ತುಂಬಿತು. ಮುಚ್ಚಿದ ಅಂಗಡಿಗಳಿಗೆ ಬಾಡಿಗೆದಾರರು ಬಂದರು. ಸುಟ್ಟ ಮಣ್ಣಿನ ಬಟ್ಟಲು, ಕೈಬರಹದ ಕಾರ್ಡು, ಸೋಪು. ದೊಡ್ಡಮ್ಮನ ಚೀಲಗಳೂ ಹೋಗುತ್ತಿದ್ದವು. ಯಾರಿಗೂ ನಷ್ಟವಾಗಲಿಲ್ಲ. ಯಾರ ಮೇಲೆ ದೂರು ಹೇಳುವುದು?

ಹೊಸ ನೆರಳುಗಳು ಹಳೆಯದರಂತೆ ಎತ್ತರಕ್ಕೆ ಹೋಗುತ್ತಿರಲಿಲ್ಲ. ಮುಂದಕ್ಕೆ ಬಾಗಿ, ಕೆಳಗಿನವರೆಗೂ ಜೋತುಬೀಳುತ್ತಿದ್ದವು. ದೊಡ್ಡಮ್ಮ ನೆಲದ ಮೇಲೆ ಕೂತು ಹೊಲಿಯುವವಳು. ಅಲ್ಲಿಂದ ಎದುರಂಗಡಿಯಲ್ಲಿ ಕಾಣುತ್ತಿದ್ದದ್ದು ಮೊಣಕಾಲಿನಿಂದ ಕೆಳಗೆ ಮಾತ್ರ. ಅಷ್ಟೇ ಸಾಕಾಯಿತು ಅವಳಿಗೆ. ಮುನಿಸು ಕೆಲವು ದಿನದ್ದು, ಆಮೇಲೆ ಫೋನಿನಲ್ಲಿ ಮತ್ತೆ ವರದಿ ಒಪ್ಪಿಸತೊಡಗಿದಳು.

"ಈಗೀಗ ಬೇಗ ಬಾಗಿಲು ತೆಗೀತಾನೆ ಕಣೇ. ವ್ಯಾಪಾರ ಕುದುರಿರಬೇಕು."

ಇನ್ನೊಂದು ಸಲ, "ಮಂಡಿನೋವು ಹೋಗಿದೆ ಅನ್ಸತ್ತೆ, ಸರಸರ ಓಡಾಡ್ತಾನೆ. ಬಿಳೀ ಬೂಟು ಬೇರೆ! ಈ ವಯಸ್ಸಲ್ಲಿ ಶೋಕಿ ನೋಡು ಮುದುಕನಿಗೆ."

ಬೈಗುಳವೇ. ಆದರೆ ಬೈಯುವಾಗ ಅವಳ ಧ್ವನಿ ಮೆತ್ತಗಾಗಿರುತ್ತಿತ್ತು. ತಮ್ಮ ಚೆನ್ನಾಗಿದ್ದಾನೆ ಎಂಬ ಸಮಾಧಾನದ ಮೇಲೆ ಅವಳು ಧೈರ್ಯ ತಂದುಕೊಳ್ಳುತ್ತಿದ್ದಳು ಎಂದು ನನಗೆ ಈಗ ಅನಿಸುತ್ತದೆ. ಒಂದು ದಿನ ಅವಳೇ ಫೋನು ಮಾಡಿ ರಜೆ ಹಾಕಿ ಬಾ ಎಂದಳು. ಹೋದರೆ, ತಾತನ ಕಾಲದ ದಪ್ಪ ಬಟ್ಟೆಯಲ್ಲಿ ಒಂದು ಹೊದಿಕೆ ಹೊಲಿದಿಟ್ಟಿದ್ದಳು. ಅಂಚಿಗೆ ಎರಡು ಸಾಲು ಹೊಲಿಗೆ, ಮೂಲೆಗೆ ಚರ್ಮದ ಪಟ್ಟಿ.

"ಆ ದೊಡ್ಡ ಕನ್ನಡಿಗೆ. ಬೀದೀಲಿ ಈಗ ಜನ ಜಾಸ್ತಿ, ಧೂಳು ಕೂರತ್ತೆ" ಎಂದಳು. ಆಮೇಲೆ ನನ್ನ ಮುಖ ನೋಡದೆ, "ನಾನೇ ಕೊಡ್ತೀನಿ. ನೀನು ಸುಮ್ನೆ ಜೊತೇಲಿ ಬಾ" ಎಂದಳು.

ನನಗೆ ಅಳು ಬಂತು, ಅದನ್ನು ತೋರಿಸಿಕೊಂಡರೆ ಬೈಸಿಕೊಳ್ಳಬೇಕಲ್ಲ ಎಂದು ಚಪ್ಪಲಿ ಹುಡುಕುವ ನೆಪ ಮಾಡಿದೆ. ಅವಳು ತಲೆ ಬಾಚಿಕೊಂಡಳು. ಅಂಗೈಯ ಚರ್ಮದ ಪಟ್ಟಿ ಬಿಚ್ಚಿಟ್ಟಳು. ಹೊದಿಕೆಯನ್ನು ಮಡಚಿ ಎದೆಗೆ ಹಿಡಿದುಕೊಂಡು ಬೀದಿಗೆ ಇಳಿದಳು. ಆ ಬೀದಿಯನ್ನು ಉದ್ದಕ್ಕೆ ಅದೆಷ್ಟು ಸಲ ಗುಡಿಸಿದ್ದಳೋ, ತಮ್ಮನ ಬಾಗಿಲಿಗೆಂದು ಅಡ್ಡಕ್ಕೆ ದಾಟಿದ್ದು ಅದೇ ಮೊದಲು.

ಪಟ್ಟೆ ನೆರಳಿನ ಕೆಳಗೆ ಬಗ್ಗಿ ಒಳಗೆ ಹೋದೆವು. ಬಿಳೀ ಬೂಟಿನ ಯುವಕನೊಬ್ಬ ಎದ್ದು, "ಬನ್ನಿ ಬನ್ನಿ" ಎಂದ. ಗೋಡೆಯ ತುಂಬ ಚೌಕಟ್ಟು ಹಾಕಿದ ಪೇಟೆಯ ಚಿತ್ರಗಳು. ಕನ್ನಡಿ ಒಂದೂ ಇರಲಿಲ್ಲ.

"ಕನ್ನಡಿಯವರು ಇಲ್ವಾ?" ಎಂದೆ ನಾನು.

"ಅವರು ಅಂಗಡಿ ಬಿಟ್ಟು ಹೋದ್ರಲ್ಲ ಮೇಡಂ, ಮಳೆಗಾಲಕ್ಕೆ ಮುಂಚೇನೇ. ಮಂಡಿ ತೀರಾ ಕೈಕೊಡ್ತು. ಮಗಳ ಊರಿಗೆ ಹೋದ್ರು. ನಾನೇ ಇದನ್ನ ಬಾಡಿಗೆಗೆ ತಗೊಂಡಿದೀನಿ."

ದೊಡ್ಡಮ್ಮ ಅವನ ಬೂಟುಗಳನ್ನು ನೋಡುತ್ತಿದ್ದಳು.

ಸಾಮಾನೆಲ್ಲ ಹಿಂದಿನ ಓಣಿಯಿಂದ ಸಾಗಿಸಿದರಂತೆ. ಜಗಳವಾಡಿ ಹೋದ ಮೇಲೆ ನಾನೂ ಪೇಟೆಗೆ ಬಂದಿರಲಿಲ್ಲ. ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ದಬ್ಬಳದಕ್ಕನ ಮುಂದೆ ಮಾತ್ರ, ಅವಳೇ ಕಲಿಸಿದ ಪಾಠದ ಪ್ರಕಾರ, ಯಾರೂ ಅವನ ವಿಷಯ ಎತ್ತಿರಲಿಲ್ಲ. ಆ ಯುವಕನಿಗೆ ಪಾಠ ತಿಳಿದಿರಲಿಲ್ಲ, ಸಹಜವಾಗಿ ಮಾತಾಡುತ್ತಾ ಹೋದ. "ಎದುರಂಗಡಿಯೋರಿಗೆ ಹೇಳಿ ಬಂದ್ರಾ ಅಂತ ನಾನೇ ಕೇಳ್ದೆ ಅವ್ರನ್ನ. ಹೇಳೋದೇನು, ಇಷ್ಟು ಹತ್ರ ಇದಾಳೆ, ಕಣ್ಣಿಗೆ ಕಾಣಲ್ವಾ ಅಂದ್ರು." ದೊಡ್ಡಮ್ಮನ ಕಡೆ ತಿರುಗಿ, "ನೀವು ಅವರ ಸಂಬಂಧಿಕರಾ?" ಎಂದ.

"ಅಲ್ಲ. ಎದುರಂಗಡಿ" ಎಂದಳು ದೊಡ್ಡಮ್ಮ.

ನನಗೆ ಯಾರ ಮೇಲೆ ಸಿಟ್ಟು ಬಂತೋ ನನಗೇ ತಿಳಿಯದು. ಅವನಿಂದ ಮಾವನ ಫೋನ್ ನಂಬರು ಇಸಿದುಕೊಂಡೆ. ಅಂಗಡಿಗೆ ಬಂದವಳೇ ಒತ್ತಿ, ಗಂಟೆ ಹೊಡೆಯುತ್ತಿದ್ದ ಫೋನನ್ನು ದೊಡ್ಡಮ್ಮನ ಕಿವಿಗೆ ಹಿಡಿದೆ. ಅವಳು ಬೇಡ ಎನ್ನಲಿಲ್ಲ. ಹೊದಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಳು.

"ಹಲೋ, ಯಾರು?" ಮಾವನ ಧ್ವನಿ ನನಗೂ ಕೇಳಿಸಿತು.

ಅವಳು ಬಾಯಿ ತೆರೆದಳು. ಊರಿಗೆ ಊರನ್ನೇ ಬೈದು ಎಬ್ಬಿಸಿದವಳು, ಯಾರಿಗೂ ಬಗ್ಗದವಳು, ಬಾಯಿ ತೆರೆದುಕೊಂಡೇ ಕೂತಳು.

"ಯಾರು ಮಾತಾಡೋದು? ಹಲೋ?" ಆಮೇಲೆ ಅಲ್ಲಿ ಯಾರಿಗೋ, "ಯಾರೋ ಗೊತ್ತಿಲ್ಲಮ್ಮ, ಮಾತೇ ಇಲ್ಲ" ಎಂದದ್ದು ಕೇಳಿಸಿತು. ಫೋನು ಕಟ್ಟಾಯಿತು.

"ಒಂದು ಮಾತಾಡಬಾರದಿತ್ತಾ? ಅಕ್ಕ ಅಂತ ಒಂದು ಮಾತು?" ನಾನು ಕಿರುಚಿಯೇ ಬಿಟ್ಟೆ. ಹೊರಗೆ ಹೋಗುತ್ತಿದ್ದವರು ತಿರುಗಿ ನೋಡಿದರು.

ದೊಡ್ಡಮ್ಮ ಫೋನನ್ನು ನನ್ನ ಕೈಗೆ ಕೊಟ್ಟಳು. ಹೊದಿಕೆಯ ಮಡಿಕೆಯನ್ನು ಅಂಗೈಯಿಂದ ಒತ್ತಿ ಒತ್ತಿ ಸರಿಮಾಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

"ಎದುರಿಗೆ ಇದ್ದಿದ್ರೆ ಮಾತಾಡ್ತಿದ್ದೆ ಕಣೇ" ಎಂದಳು.